ಕೋಲಾರ: ಅಪ್ಪನ ಕೊನೆಯ ದಿನಗಳಿಗೆ ಹಾಸ್ಪೈಸ್ ಹುಡುಕುತ್ತಿದ್ದೇವೆ, ಒಳ್ಳೆಯದು ಯಾವುದು ಅಂತ ತಿಳಿಯುವುದು ಹೇಗೆ?

ಕೋಲಾರದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್. ಬೆಂಗಳೂರಿನಲ್ಲಿ ರೇಡಿಯೇಷನ್, ಕೀಮೋ ಎಲ್ಲ ಆಯಿತು. ಈಗ ಲಿವರ್‌ಗೂ ಹರಡಿದೆ. ಇನ್ನು ಕೀಮೋ ಕೊಟ್ಟರೆ ಹಿಂಸೆಯೇ ಜಾಸ್ತಿ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಅಂದರು. ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಏನೇನು ಮಾಡಬೇಕು ಅಂತ ಮಾತ್ರ ಯಾರೂ ಕೂತು ಹೇಳಲಿಲ್ಲ.

ಈಗ ಮನೆಯಲ್ಲೇ ಇದ್ದಾರೆ. ಅಮ್ಮನಿಗೂ ವಯಸ್ಸಾಗಿದೆ, ಎತ್ತಿ ಕೂರಿಸುವುದಕ್ಕೆ ಅವರ ಕೈಲಿ ಆಗುವುದಿಲ್ಲ. ಅಪ್ಪನಿಗೆ ನೋವು ರಾತ್ರಿ ಹೊತ್ತು ಜಾಸ್ತಿ. ಟ್ರಮಡಾಲ್ ಕೊಟ್ಟಿದ್ದಾರೆ, ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಶುರು. ಗಂಜಿ, ರಾಗಿ ಅಂಬಲಿ ಬಿಟ್ಟರೆ ಬೇರೇನೂ ಒಳಗೆ ಇಳಿಯುವುದಿಲ್ಲ.

ನಮ್ಮ ಮುಂದೆ ಎರಡು ದಾರಿ ಇದೆ. ಒಂದು, ಮನೆಗೇ ನರ್ಸ್ ಕಳಿಸುವ ಕಂಪನಿ. ಇನ್ನೊಂದು, ಊರಾಚೆ ಇರುವ ಒಂದು ಆರೈಕೆ ಕೇಂದ್ರ. ಎರಡೂ ಕಡೆಯವರು ತಮ್ಮದು ಹಾಸ್ಪೈಸ್, ಅಂದರೆ ಗುಣವಾಗದ ರೋಗಿಗಳಿಗೆ ಕೊನೆಯ ದಿನಗಳ ಆರೈಕೆ, ಅಂತಲೇ ಹೇಳುತ್ತಾರೆ. ಕೇಂದ್ರವನ್ನು ಹೋಗಿ ನೋಡಿದೆ. ನೆಲ ಒರೆಸಿ ಫಳಫಳ ಅನ್ನುತ್ತಿತ್ತು, ಮುಂದೆ ಹೂವಿನ ಗಿಡ, ಮಾತಾಡಿದವರೂ ಒಳ್ಳೆಯವರ ಥರಾನೇ ಕಂಡರು. ಆದರೆ ಅದನ್ನು ನೋಡಿ ಏನು ತೀರ್ಮಾನ ಮಾಡಲಿ ಅಂತ ಗೊತ್ತಾಗಲಿಲ್ಲ. ಸ್ಕೂಲ್ ಸೇರಿಸುವಾಗಲಾದರೂ ನಾಲ್ಕು ಜನರನ್ನು ಕೇಳುತ್ತೇವೆ. ಇದನ್ನು ಯಾರ ಹತ್ತಿರ ಕೇಳುವುದು? ನೆಂಟರ ಹತ್ತಿರ ಬಾಯಿ ಬಿಟ್ಟರೆ "ಹೆತ್ತಪ್ಪನನ್ನ ಎಲ್ಲೋ ಬಿಟ್ಟು ಬರ್ತೀಯಾ" ಅನ್ನುತ್ತಾರೆ.

ಅಣ್ಣ ಅಮೆರಿಕದಲ್ಲಿದ್ದಾನೆ. ಅಲ್ಲಿ ಆರು ತಿಂಗಳಿಗಿಂತ ಜಾಸ್ತಿ ಬದುಕುವುದಿಲ್ಲ ಅಂತ ಡಾಕ್ಟರ್‌ಗಳು ಬರೆದುಕೊಟ್ಟರೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆಯವರೇ ಹಾಸ್ಪೈಸ್ ಖರ್ಚು ಕೊಡುತ್ತಾರಂತೆ, ಯಾವ ಸಂಸ್ಥೆ ಹೇಗೆ ಅಂತ ನೋಡುವುದಕ್ಕೆ ಸರ್ಕಾರದ ವೆಬ್‌ಸೈಟೇ ಇದೆಯಂತೆ. ಅವನು ಅಲ್ಲಿಂದ ದೊಡ್ಡ ಪ್ರಶ್ನೆಪಟ್ಟಿ ಕಳಿಸಿದ್ದಾನೆ. ಅದರಲ್ಲಿ ಅರ್ಧ ಇಲ್ಲಿಗೆ ಹೊಂದುವುದೇ ಇಲ್ಲ. ಇಲ್ಲಿ, ನಮ್ಮ ಕಡೆ, ಏನು ಕೇಳಬೇಕು, ಏನು ನೋಡಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.

ತುಮಕೂರು ಸಿಸ್ಟರ್:

ನಾನು ನರ್ಸ್. ಕ್ಯಾನ್ಸರ್ ವಾರ್ಡಿನಲ್ಲೂ ಕೆಲಸ ಮಾಡಿದ್ದೇನೆ, ಈಗ ಮನೆ ಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡುತ್ತೇನೆ. ಹೂವಿನ ಗಿಡ, ನೆಲ, ಎಸಿ, ಟಿವಿ ಇವೆಲ್ಲ ಪಕ್ಕಕ್ಕಿಡಿ. ಮೊದಲನೇ ಪ್ರಶ್ನೆ ಒಂದೇ. "ನಿಮ್ಮಲ್ಲಿ ಮಾರ್ಫಿನ್ ಇದೆಯಾ?"

ಇದನ್ನು ಕೇಳಿದಾಗ ಅವರ ಮುಖ ನೋಡಿ. ಇದೆ, ಇಂಥ ಡಾಕ್ಟರ್ ಬರೆಯುತ್ತಾರೆ, ಇಷ್ಟು ದಿನಕ್ಕೆ ಕೊಡುತ್ತೇವೆ, ಹೀಗೆ ಲೆಕ್ಕ ಬರೆದಿಡುತ್ತೇವೆ ಅಂತ ತಡವರಿಸದೆ ಹೇಳಿದರೆ ಮುಂದಿನ ಮಾತು. "ಅಯ್ಯೋ ಅದೆಲ್ಲ ಬೇಡಮ್ಮ, ಅಭ್ಯಾಸ ಆಗಿಬಿಡತ್ತೆ, ಉಸಿರು ನಿಂತುಹೋಗತ್ತೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಕ್ಯಾನ್ಸರ್ ನೋವಿಗೆ ಸರಿಯಾದ ಅಳತೆಯಲ್ಲಿ, ಗಮನ ಇಟ್ಟು ಕೊಡುವ ಮಾರ್ಫಿನ್‌ನಿಂದ ಹಾಗೆಲ್ಲ ಆಗುವುದಿಲ್ಲ. ನೋವು ಎಷ್ಟಿದೆಯೋ ಅಷ್ಟಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುವ ಔಷಧಿ ಅದು. ಟ್ರಮಡಾಲ್ ಹಾಗಲ್ಲ, ಒಂದು ಮಿತಿ ದಾಟಿ ಕೊಡುವ ಹಾಗಿಲ್ಲ. ನಿಮ್ಮ ಅಪ್ಪ ಬಹುಶಃ ಆ ಮಿತಿಯ ಹತ್ತಿರ ಇದ್ದಾರೆ. ಡಾಕ್ಟರ್ ಹತ್ತಿರ ಇದನ್ನೇ ನೇರವಾಗಿ ಕೇಳಿ.

ಮಾರ್ಫಿನ್ ಯಾಕೆ ಎಲ್ಲ ಮೆಡಿಕಲ್ ಸ್ಟೋರಲ್ಲೂ ಸಿಗುವುದಿಲ್ಲ ಅಂದರೆ, 1985ರಲ್ಲಿ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳುವುದಕ್ಕೆ ಹಲವು ಲೈಸೆನ್ಸ್ ಬೇಕಾಗಿತ್ತು, ಆಸ್ಪತ್ರೆಗಳು ಈ ರಗಳೆಯೇ ಬೇಡ ಅಂತ ಕೈಬಿಟ್ಟವು. 2014ರಲ್ಲಿ ತಿದ್ದುಪಡಿ ಆಯಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಒಂದೇ ಮಾನ್ಯತೆ ಪಡೆದರೆ ಸಾಕು. ಅಂಥ ಕಡೆಗೆ ಆರ್‌ಎಂಐ ಅನ್ನುತ್ತಾರೆ. ನಿಮ್ಮ ಊರಾಚೆಯ ಕೇಂದ್ರದವರಿಗೆ ಆರ್‌ಎಂಐ ಮಾನ್ಯತೆ ಇದೆಯಾ ಕೇಳಿ. ಇಲ್ಲದಿದ್ದರೂ ಪರವಾಗಿಲ್ಲ, ಮಾನ್ಯತೆ ಇರುವ ಯಾವ ಆಸ್ಪತ್ರೆಯಿಂದ ತರಿಸುತ್ತೀರಿ, ಪ್ರತಿ ಸಲ ರೋಗಿಯೇ ಹೋಗಬೇಕಾ ಅಥವಾ ಮನೆಯವರು ಹೋದರೆ ಕೊಡುತ್ತಾರಾ, ಶನಿವಾರ ರಾತ್ರಿ ಮುಗಿದುಹೋದರೆ ಏನು ಮಾಡುತ್ತೀರಿ, ಇಷ್ಟಕ್ಕೆ ಉತ್ತರ ಇರಬೇಕು.

ಇನ್ನೊಂದು ಮಾತು, ಇದು ನಿಮ್ಮ ಅಪ್ಪನಿಗೇ ಮುಖ್ಯ. ಅನ್ನನಾಳದ ಕ್ಯಾನ್ಸರ್ ಅಲ್ವಾ, ಮುಂದೆ ಒಂದು ದಿನ ಮಾತ್ರೆ ನುಂಗುವುದಕ್ಕೂ ಆಗುವುದಿಲ್ಲ. "ಆಗ ನೋವಿನ ಔಷಧಿ ಹೇಗೆ ಕೊಡುತ್ತೀರಿ?" ಅಂತ ಈಗಲೇ ಕೇಳಿಬಿಡಿ. ಗೊತ್ತಿರುವವರು ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು ಕೊಡುತ್ತೇವೆ ಅನ್ನುತ್ತಾರೆ, ಇಲ್ಲ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯ ಮಾತು ಎತ್ತುತ್ತಾರೆ. ಆ ಪಟ್ಟಿಯನ್ನು ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು, ಅಂಟಿಸಿದ ತಕ್ಷಣ ಕೆಲಸ ಮಾಡುವುದಿಲ್ಲ, ದುಬಾರಿಯೂ ಹೌದು. ಗೊತ್ತಿಲ್ಲದವರು "ಡ್ರಿಪ್ ಹಾಕ್ತೀವಿ" ಅಂತ ಸುಮ್ಮನಾಗುತ್ತಾರೆ.

ಮಾರ್ಫಿನ್ ಶುರು ಮಾಡಿದ ದಿನವೇ ಮಲಬದ್ಧತೆಗೂ ಔಷಧಿ ಬರೆಯಬೇಕು. ಬರೆಯದಿದ್ದರೆ ಆ ಡಾಕ್ಟರ್‌ಗೆ ಈ ಕೆಲಸ ರೂಢಿ ಇಲ್ಲ ಅಂತ ಅರ್ಥ. ಹೊಟ್ಟೆ ಕಟ್ಟಿಕೊಂಡು ರೋಗಿ ಒದ್ದಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮನೆಯವರು ಕ್ಯಾನ್ಸರ್ ನೋವು ಅಂದುಕೊಂಡಿರುತ್ತಾರೆ.

ಕೇಂದ್ರಕ್ಕೆ ಇನ್ನೊಂದು ಸಲ ಹೋಗಿ, ಹೇಳದೆ ಕೇಳದೆ, ಸಂಜೆ ಊಟದ ಹೊತ್ತಿಗೆ. ಅಲ್ಲಿ ಮಲಗಿರುವವರ ಬಾಯಿ ನೋಡಿ. ತುಟಿ ಒಣಗಿ ಒಡೆದು, ನಾಲಿಗೆ ಮೇಲೆ ಬಿಳಿ ಪದರ ದಪ್ಪಗೆ ಕಟ್ಟಿದ್ದರೆ ದಿನಾ ಯಾರೂ ಬಾಯಿ ಒರೆಸುತ್ತಿಲ್ಲ ಅಂತ. ಉಗುರು ನೋಡಿ. ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಾಯಿಸುತ್ತೀರಿ, ಎಲ್ಲಿ ಬರೆದಿಡುತ್ತೀರಿ, ತೋರಿಸಿ ಅನ್ನಿ. ಬೆನ್ನಹುಣ್ಣು ಯಾರಿಗೂ ಆಗುವುದೇ ಇಲ್ಲ ಅಂದರೆ ನಂಬಬೇಡಿ. ಕೊನೆಯ ದಿನಗಳಲ್ಲಿ ಎಷ್ಟೇ ನೋಡಿಕೊಂಡರೂ ಕೆಲವರಿಗೆ ಆಗುತ್ತದೆ. ಆದಾಗ ಏನು ಮಾಡುತ್ತೀರಿ ಅನ್ನುವುದಕ್ಕೆ ಉತ್ತರ ಬೇಕು. ವಾಸನೆ ಬರುವ ಹುಣ್ಣಿಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹಾಕುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು, ಬಹಳ ಅಗ್ಗ. ಇದನ್ನು ಕೇಳಿಯೇ ಇಲ್ಲ ಅನ್ನುವ ನರ್ಸ್ ಇದ್ದರೆ ಅವರಿಗೆ ತರಬೇತಿ ಆಗಿಲ್ಲ.

ಚಿಂತಾಮಣಿ ಹುಡುಗ:

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಅದಕ್ಕೆ ರಾತ್ರಿ ಫೋನ್ ಒಂದನ್ನು ಸೇರಿಸುತ್ತೇನೆ ಅಕ್ಕ.

ನಮ್ಮ ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು. ಮನೆಗೆ ಬರುವ ಒಂದು ಕಂಪನಿಯವರನ್ನು ಹಿಡಿದಿದ್ದೆವು, ಹೆಸರು ಬೇಡ. ಇಪ್ಪತ್ನಾಲ್ಕು ಗಂಟೆ ಸೇವೆ ಅಂತ ಅವರ ಚೀಟಿಯಲ್ಲಿ ದಪ್ಪಕ್ಷರದಲ್ಲಿತ್ತು. ಹಗಲು ಬರುತ್ತಿದ್ದ ಹೆಣ್ಣುಮಗಳು ಪಾಪ ಒಳ್ಳೆಯವಳೇ, ಆದರೆ ನರ್ಸಿಂಗ್ ಓದಿದವಳಲ್ಲ. ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟಿದ ಹಾಗಾಯಿತು. ಅವರ ನಂಬರ್‌ಗೆ ಮಾಡಿದರೆ ಕಾಲ್ ಸೆಂಟರ್. ಅವರು ಹೇಳಿದ್ದು ಒಂದೇ ಮಾತು, ಹತ್ತಿರದ ಆಸ್ಪತ್ರೆಗೆ ಸೇರಿಸಿ ಅಂತ. 108 ಕರೆಸಿ ಹೋದೆವು. ಎಮರ್ಜೆನ್ಸಿಯಲ್ಲಿ ಇದ್ದವರಿಗೆ ಅಮ್ಮನ ಕಥೆ ಏನೂ ಗೊತ್ತಿಲ್ಲ, ಅವರು ಅವರ ಕೆಲಸ ಮಾಡಿದರು, ಮೂಗಿಗೆ ಪೈಪು, ಕೈಗೆ ಸೂಜಿ, ಮೈಯೆಲ್ಲ ಚುಚ್ಚಿದರು. ಅಮ್ಮ ಯಾವುದು ಬೇಡ ಅಂತ ನಮ್ಮ ಹತ್ತಿರ ಕೈ ಮುಗಿದು ಕೇಳಿದ್ದರೋ ಅದೇ ಆಯಿತು. ಇವತ್ತಿಗೂ ಆ ಸಿಟ್ಟು ನನಗೆ ಹೋಗಿಲ್ಲ.

ಅದಕ್ಕೇ ಹೇಳುವುದು, ಒಪ್ಪಿಕೊಳ್ಳುವ ಮೊದಲೇ ಅವರ ನಂಬರ್‌ಗೆ ರಾತ್ರಿ ಎರಡು ಗಂಟೆಗೆ ಒಂದು ಫೋನ್ ಮಾಡಿ ನೋಡಿ. ಯಾರು ಎತ್ತುತ್ತಾರೆ, ಎತ್ತಿದವರು ನರ್ಸಾ, ನಮ್ಮ ಅಪ್ಪನಿಗೆ ಹೀಗಾದರೆ ಏನು ಮಾಡಲಿ ಅಂತ ಕೇಳಿದರೆ ಒಂದೆರಡು ಮಾತಾದರೂ ಹೇಳುತ್ತಾರಾ. ಅದು ತಪ್ಪು ಅಂತ ಯಾರೂ ಅಂದುಕೊಳ್ಳುವುದಿಲ್ಲ. ರಾತ್ರಿ ಫೋನ್ ಎತ್ತಿ ಮಾತಾಡುವುದಕ್ಕೇ ತಾನೇ ಅವರು ದುಡ್ಡು ತೆಗೆದುಕೊಳ್ಳುವುದು. ಅವರು ಬೆಂಗಳೂರಲ್ಲಿ ಕೂತಿದ್ದು ನೀವು ಕೋಲಾರದಲ್ಲಿದ್ದರೆ ಅಷ್ಟು ಹೊತ್ತಲ್ಲಿ ಯಾರೂ ಬರುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡು, ಎಮರ್ಜೆನ್ಸಿಗೆ ಅಂತ ನಾಲ್ಕು ಔಷಧಿ ಮನೆಯಲ್ಲೇ ಇಟ್ಟುಹೋಗುತ್ತಾರಾ, ಯಾವುದನ್ನು ಯಾವಾಗ ಕೊಡಬೇಕು ಅಂತ ಕನ್ನಡದಲ್ಲಿ ಬರೆದುಕೊಡುತ್ತಾರಾ ಕೇಳಿ. ನಿಮ್ಮ ಅಮ್ಮನೂ ಓದಿಕೊಳ್ಳುವ ಹಾಗೆ ಇರಬೇಕು.

ದುಡ್ಡಿನ ವಿಷಯ ಸಂಕೋಚ ಬೇಡ. ಖಾಸಗಿ ಕೇಂದ್ರ ಅಂದಮೇಲೆ ಖಾಸಗಿ ಆಸ್ಪತ್ರೆಗಳ ಮೇಲಿನ ಕೆಪಿಎಂಇ ಕಾಯ್ದೆಯ ನೋಂದಣಿ ಇರಬೇಕು, ಕಾಣುವ ಹಾಗೆ ಗೋಡೆಗೆ ಹಾಕಿರಬೇಕು, ದರಪಟ್ಟಿಯೂ ಹಾಕಿರಬೇಕು. ಅದು 2007ರ ಕಾಯ್ದೆ. ಮೋಸ ಆದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ನಮಗೆ ದಿನಾ ಗ್ಲೂಕೋಸ್ ಬಾಟಲಿಯ ಬಿಲ್ ಹಾಕುತ್ತಿದ್ದರು. ಬೇಕಾ ಬೇಡವಾ ಅಂತ ಯಾರೂ ನೋಡಲಿಲ್ಲ.

ತುಮಕೂರು ಸಿಸ್ಟರ್:

ಗ್ಲೂಕೋಸ್ ಮಾತು ಬಂದಿದ್ದು ಒಳ್ಳೆಯದಾಯಿತು. ಕೊನೆಯ ದಿನಗಳಲ್ಲಿ ದೇಹಕ್ಕೆ ನೀರು ಬೇಕಾಗುವುದೇ ಕಡಿಮೆ. ಡ್ರಿಪ್ ಹಾಕುತ್ತಾ ಹೋದರೆ ಕೈಕಾಲು ಊದಬಹುದು, ಎದೆಯಲ್ಲಿ ಗೊರಗೊರ ಜಾಸ್ತಿ ಆಗಬಹುದು. ಕೆಲವರಿಗೆ, ಕೆಲವು ಸಂದರ್ಭದಲ್ಲಿ ಬೇಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬಂದವರಿಗೆಲ್ಲ ದಿನಾ ಒಂದು ಬಾಟಲಿ ಅಂದರೆ ಅದು ಆರೈಕೆ ಅಲ್ಲ. ಊಟ ಬಿಟ್ಟಿದ್ದಕ್ಕೆ ಸಾಯುತ್ತಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಸಾವು ಹತ್ತಿರ ಬಂದಿರುವುದರಿಂದ ಹಸಿವು ಹೋಗಿರುತ್ತದೆ. ಇದನ್ನು ನಿಮ್ಮ ಅಮ್ಮನ ಪಕ್ಕ ಕೂತು ನಿಧಾನವಾಗಿ ಹೇಳುವ ನರ್ಸ್ ಸಿಕ್ಕರೆ ಅವರನ್ನು ಬಿಡಬೇಡಿ.

ಗೌರಿಬಿದನೂರು ಮೇಷ್ಟ್ರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲರೂ ಮನೆಯೇ ಒಳ್ಳೆಯದು ಅನ್ನುತ್ತಾರೆ. ಯಾವಾಗಲೂ ಅಲ್ಲ. ನನ್ನ ಭಾವನ ನೋವು ಮನೆಯಲ್ಲಿ ಹತೋಟಿಗೆ ಬರಲೇ ಇಲ್ಲ. ಬೆಂಗಳೂರಿನ ಕರುಣಾಶ್ರಯಕ್ಕೆ ಸೇರಿಸಿದೆವು. ಮಾರತ್ತಹಳ್ಳಿ ಹತ್ತಿರ, ಕುಂದಲಹಳ್ಳಿ ಗೇಟ್ ಕಡೆ ಇದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಮಾತ್ರ, ಪೂರ್ತಿ ಉಚಿತ. ಕೋಲಾರದವರಿಗೆ ಹೊಸಕೋಟೆ ದಾಟಿದರೆ ಆ ಕಡೆಯೇ ಅಲ್ವಾ, ಊರೊಳಗೆ ಪೂರ್ತಿ ಹೋಗಬೇಕಾಗಿಲ್ಲ. ಅಲ್ಲಿಗೆ ಹೋಗುವುದು ಅಂದರೆ ಸಾಯುವವರೆಗೂ ಅಲ್ಲೇ ಇರಬೇಕು ಅಂತಲೂ ಇಲ್ಲ. ನೋವು ಹಿಡಿತಕ್ಕೆ ಬಂದ ಮೇಲೆ ಮನೆಗೆ ಕರೆದುಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ಅವರು ಕೋಲಾರದವರೆಗೆ ಮನೆ ಭೇಟಿಗೆ ಬರುತ್ತಾರಾ ಅನ್ನುವುದನ್ನು ಫೋನ್ ಮಾಡಿ ಕೇಳಿಕೊಳ್ಳಿ.

"ಬಿಟ್ಟು ಬಂದರು" ಅನ್ನುವ ಮಾತಿಗೆ ಬೆಲೆ ಕೊಡಬೇಡಿ ತಾಯಿ. ಆ ನೆಂಟರು ಯಾರೂ ರಾತ್ರಿ ಮೂರು ಗಂಟೆಗೆ ಬಂದು ನಿಮ್ಮ ಅಪ್ಪನ ಬೆನ್ನು ಸವರುವುದಿಲ್ಲ.

ನೋಡಬೇಕಾದ ಇನ್ನೊಂದು ವಿಷಯ ಇದೆ. ಮನೆಯವರು ಎಷ್ಟು ಹೊತ್ತಿಗೆ ಬೇಕಾದರೂ ಬಂದು ಕೂರಬಹುದಾ? ರಾತ್ರಿ ಒಬ್ಬರು ಜೊತೆಗೆ ಮಲಗಬಹುದಾ? ಮೊಮ್ಮಕ್ಕಳನ್ನು ಒಳಗೆ ಬಿಡುತ್ತಾರಾ? ಕೊನೆಯ ಕಾಲದಲ್ಲಿ ನೋಡುವ ಸಮಯ ನಾಲ್ಕರಿಂದ ಆರು ಅಂತ ಬೋರ್ಡ್ ಹಾಕುವ ಕಡೆ ನಾನಂತೂ ಯಾರನ್ನೂ ಸೇರಿಸುವುದಿಲ್ಲ.

ಮತ್ತೆ, ಐಸಿಯು ಬೇಕಾ ಬೇಡವಾ ಅನ್ನುವುದನ್ನು ಅಪ್ಪ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಕೇಳಿಕೊಂಡು ಬರೆದಿಡಿ. 2018ರ ಮಾರ್ಚ್ 9ಕ್ಕೆ ಸುಪ್ರೀಂ ಕೋರ್ಟ್ ಇದಕ್ಕೆ ಅವಕಾಶ ಕೊಟ್ಟಿದೆ. ಮೊದಲು ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿತ್ತು, ಯಾರ ಕೈಲಿ ಆಗುತ್ತದೆ? 2023ರಲ್ಲಿ ಅದನ್ನು ಸರಳ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಗುತ್ತದೆ. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಬಗ್ಗೆ ಸುತ್ತೋಲೆ ಹೊರಡಿಸಿತು. ನೀವು ನೋಡಿ ಬಂದ ಕೇಂದ್ರದವರನ್ನು ಕೇಳಿ, ಇಂಥ ಪತ್ರ ತಂದುಕೊಟ್ಟರೆ ಅದರ ಪ್ರಕಾರ ನಡೆದುಕೊಳ್ಳುತ್ತೀರಾ ಅಂತ. ಇಂಥ ಪತ್ರದ ಬಗ್ಗೆ ಏನೂ ಗೊತ್ತಿಲ್ಲದವರು ಹಾಸ್ಪೈಸ್ ಅಂತ ಬೋರ್ಡ್ ಹಾಕಬಾರದು.

ಕೋಲಾರದ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಅಳು ಬಂತು, ಆದರೆ ಧೈರ್ಯವೂ ಬಂತು.

ಇಬ್ಬರಿಗೂ ಫೋನ್ ಮಾಡಿ ಕೇಳಿದೆ. ಊರಾಚೆಯ ಕೇಂದ್ರದವರು ಮಾರ್ಫಿನ್ ಅಂದ ತಕ್ಷಣ ಮಾತು ಬದಲಾಯಿಸಿದರು. ಯೋಗ, ಭಜನೆ, ಸಾತ್ವಿಕ ಊಟ ಅಂತ ಹೇಳುತ್ತಾ ಹೋದರು. ಅಪ್ಪನಿಗೆ ಭಜನೆ ಇಷ್ಟವೇ, ಆದರೆ ನೋವು ತಡೆಯಲಾಗದೆ ಗೋಡೆ ಕಡೆ ತಿರುಗಿ ಮಲಗಿರುವವರಿಗೆ ಯಾವ ಭಜನೆ? ಅವರನ್ನು ಬಿಟ್ಟೆವು. ಕಂಪನಿಯವರು ಮಾತ್ರ ಸ್ವಲ್ಪ ನೇರವಾಗಿ ಮಾತಾಡಿದರು. ನಮ್ಮಲ್ಲಿ ಮಾರ್ಫಿನ್ ಇಲ್ಲ, ನೀವು ಆಸ್ಪತ್ರೆಯಿಂದ ತಂದರೆ ನಮ್ಮ ನರ್ಸ್ ಕೊಡುತ್ತಾರೆ, ಡಾಕ್ಟರ್ ವಾರಕ್ಕೊಮ್ಮೆ ಮಾತ್ರ, ರಾತ್ರಿ ಫೋನಲ್ಲಿ ನರ್ಸ್ ಸಿಗುತ್ತಾರೆ, ಬರುವುದಕ್ಕಾಗುವುದಿಲ್ಲ ಅಂದರು. ಆಗುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿದ್ದು ನನಗೆ ಹಿಡಿಸಿತು.

ಒಂದು ಸಂಕಟ ಉಳಿದಿದೆ. ಅಪ್ಪನಿಗೆ ನಾವು ಪೂರ್ತಿ ಹೇಳಿಲ್ಲ. ಅಮ್ಮ ಹೇಳಬೇಡ ಅಂತ ಆಣೆ ಹಾಕಿಸಿದ್ದಾರೆ. ಹೀಗಿರುವಾಗ ಮೇಷ್ಟ್ರು ಹೇಳಿದ ಹಾಗೆ ಬರೆಸಿಕೊಳ್ಳುವುದು ಹೇಗೆ?

ತುಮಕೂರು ಸಿಸ್ಟರ್:

ಇದು ನಿಮ್ಮ ಮನೆಯದು ಮಾತ್ರ ಅಲ್ಲ, ನಾನು ಹೋಗುವ ಹತ್ತು ಮನೆಯಲ್ಲಿ ಎಂಟು ಮನೆ ಹೀಗೇ. ರೋಗಿಗೆ ಬಹಳ ಸಲ ಗೊತ್ತಿರುತ್ತದೆ. ಮಕ್ಕಳಿಗೆ ನೋವಾಗುತ್ತದೆ ಅಂತ ಅವರು ಕೇಳುವುದಿಲ್ಲ, ಅವರಿಗೆ ನೋವಾಗುತ್ತದೆ ಅಂತ ಮಕ್ಕಳು ಹೇಳುವುದಿಲ್ಲ. ಒಟ್ಟಿಗೆ ಇದ್ದೂ ಒಬ್ಬೊಬ್ಬರೇ.

ಒಳ್ಳೆಯ ತಂಡದ ಗುರುತು ಇಲ್ಲೇ ಸಿಗುತ್ತದೆ. ಮೊದಲ ಭೇಟಿಯಲ್ಲಿ ಅವರು ಯಾರ ಹತ್ತಿರ ಮಾತಾಡುತ್ತಾರೆ ನೋಡಿ. ಬಾಗಿಲ ಹತ್ತಿರ ನಿಂತು ನಿಮ್ಮ ಜೊತೆ ಮಾತಾಡಿ ಬಿಪಿ ನೋಡಿ ಹೋಗುವವರೇ ಜಾಸ್ತಿ. ಸರಿಯಾದವರು ಅಪ್ಪನ ಮಂಚದ ಪಕ್ಕ ಕೂರುತ್ತಾರೆ, ಅವರನ್ನೇ ಕೇಳುತ್ತಾರೆ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ನಿದ್ದೆ ಬರುತ್ತಾ, ನಿಮಗೆ ಏನು ಯೋಚನೆ ಕಾಡುತ್ತಿದೆ, ಕಾಯಿಲೆ ಬಗ್ಗೆ ನಿಮಗೆ ಎಷ್ಟು ಗೊತ್ತು, ಇನ್ನೂ ತಿಳಿಯಬೇಕು ಅನ್ನಿಸುತ್ತಾ. ಅಪ್ಪ ಬೇಡ ಅಂದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಕೇಳಿದರೆ ಸುಳ್ಳು ಹೇಳುವುದಿಲ್ಲ, ಒಂದೇ ಸಲಕ್ಕೆ ಎಲ್ಲವನ್ನೂ ತಲೆ ಮೇಲೆ ಸುರಿಯುವುದೂ ಇಲ್ಲ. ನೀವು ಆಣೆ ಮುರಿಯಬೇಕಾಗಿಲ್ಲ. ಅಮ್ಮನ ಹತ್ತಿರ ಹೇಳಿ, ಅವರು ತಾವಾಗಿ ಕೇಳಿದರೆ ಡಾಕ್ಟರ್ ಉತ್ತರ ಕೊಡಲಿ ಅಂತ. ಬಹಳ ಅಮ್ಮಂದಿರು ಅದಕ್ಕೆ ಒಪ್ಪುತ್ತಾರೆ.

ಇನ್ನು "ಗುಣ ಮಾಡಿಬಿಡ್ತೀವಿ" ಅಂತ ಯಾರಾದರೂ ಅಂದರೆ, ಅವರು ಎಷ್ಟೇ ದೊಡ್ಡ ಹೆಸರಿನವರಿರಲಿ, ಬೇಡ.

ಕಂಪನಿಯವರ ಉತ್ತರ ನನಗೂ ಪರವಾಗಿಲ್ಲ ಅನ್ನಿಸಿತು. ಆದರೆ ನರ್ಸ್ ಅಂತ ಕಳಿಸುವವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರಾ, ಒಬ್ಬರೇ ಬರುತ್ತಾರಾ ಅಥವಾ ವಾರಕ್ಕೊಬ್ಬರು ಬದಲಾಗುತ್ತಾರಾ ಕೇಳಿ. ಬದಲಾಗುತ್ತಾ ಇದ್ದರೆ ಅಪ್ಪ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಚಿಂತಾಮಣಿ ಹುಡುಗ:

ಅಕ್ಕ, ಇನ್ನೊಂದು ಕೇಳಿಟ್ಟುಕೊಳ್ಳಿ, ಕಷ್ಟದ ಮಾತು. ಮನೆಯಲ್ಲೇ ಹೋದರೆ ಸಾವಿನ ಕಾರಣದ ಸರ್ಟಿಫಿಕೇಟ್ ಯಾರು ಬರೆದುಕೊಡುತ್ತಾರೆ? ಆಸ್ಪತ್ರೆಯಲ್ಲಾದರೆ ಅವರೇ ಕೊಡುತ್ತಾರೆ. ಮನೆಯಲ್ಲಾದರೆ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಫಾರಂ 4ಎ ಬರೆಯಬೇಕು. 21 ದಿನದೊಳಗೆ ನೋಂದಣಿ ಮಾಡಿಸಬೇಕು. ವಾರಕ್ಕೊಮ್ಮೆ ಬರುವ ಡಾಕ್ಟರ್ ಅದನ್ನು ಬರೆಯುತ್ತಾರಾ ಅಂತ ಈಗಲೇ ಬಾಯಿ ಬಿಟ್ಟು ಕೇಳಿ. ಆ ದಿನ ನೀವು ಡಾಕ್ಟರ್ ಹುಡುಕಿಕೊಂಡು ಅಲೆಯಬಾರದು.

ಸರ್ಕಾರಿ ಕಡೆಯೂ ಒಂದು ಸಲ ಕೇಳಿ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ ಸೇವೆಗಳಲ್ಲಿ ನೋವು, ಸಂಕಟ ಕಡಿಮೆ ಮಾಡುವ ಉಪಶಾಮಕ ಆರೈಕೆಯೂ ಸೇರಿದೆ. ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ, ಆದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಹೇಳಿಟ್ಟಿದ್ದರೆ ಡ್ರೆಸ್ಸಿಂಗ್‌ಗೋ ಕ್ಯಾತಿಟರ್ ಬದಲಾಯಿಸುವುದಕ್ಕೋ ಅನುಕೂಲ ಆಗಬಹುದು.

ಕೋಲಾರದ ಮಗಳು:

ಸರಿ, ಹೀಗೆ ಮಾಡುತ್ತೇವೆ. ಸೋಮವಾರ ಮೊದಲು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ನೋವು ಮತ್ತು ಉಪಶಾಮಕ ವಿಭಾಗಕ್ಕೆ ಹೋಗಿ ಮಾರ್ಫಿನ್ ವಿಷಯ ಮಾತಾಡುತ್ತೇವೆ. ಮನೆಗೆ ಬರುವ ನರ್ಸ್‌ಗೆ ಆ ಕಂಪನಿಯವರೇ ಇರಲಿ, ಒಂದು ವಾರಕ್ಕೆ ಮಾತ್ರ ಒಪ್ಪಿಕೊಂಡು ನೋಡುತ್ತೇವೆ. ನೋವು ಮನೆಯಲ್ಲಿ ಹತೋಟಿಗೆ ಬರದಿದ್ದರೆ ಕರುಣಾಶ್ರಯ. ಸಿಸ್ಟರ್, ಅಪ್ಪನನ್ನು ಕಾರಿನಲ್ಲಿ ಅಷ್ಟು ದೂರ ಕರೆದುಕೊಂಡು ಹೋಗುವುದು ಬೇಡ ಅನ್ನಿಸುತ್ತಿದೆ. ನಾನೊಬ್ಬಳೇ ಹೋದರೆ ನಡೆಯುತ್ತದಾ?

ತುಮಕೂರು ಸಿಸ್ಟರ್:

ಮೊದಲ ಸಲ ರೋಗಿಯನ್ನು ನೋಡದೆ ಮಾರ್ಫಿನ್ ಬರೆಯುವುದಕ್ಕೆ ಡಾಕ್ಟರ್‌ಗಳು ಒಪ್ಪುವುದು ಕಷ್ಟ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಕೋಲಾರದಲ್ಲೇ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಟಮಕದಲ್ಲಿ. ಅಲ್ಲೂ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲೂ ಮಾರ್ಫಿನ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಸಿಕ್ಕರೆ ಅಷ್ಟು ದೂರದ ಪ್ರಯಾಣವೇ ಬೇಡ.

ಎಲ್ಲಿಗೆ ಹೋದರೂ ಬಯಾಪ್ಸಿ ರಿಪೋರ್ಟ್, ಕೊನೆಯ ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ಅಪ್ಪನ ಆಧಾರ್ ಮತ್ತು ನಿಮ್ಮ ಆಧಾರ್, ಈಗ ಕೊಡುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಎಲ್ಲ ಒಂದೇ ಚೀಲದಲ್ಲಿ ಇರಲಿ. ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ನೋವು ಯಾವಾಗ ಬಂತು, ಎಷ್ಟಿತ್ತು, ಯಾವ ಮಾತ್ರೆ ಕೊಟ್ಟಿರಿ, ಎಷ್ಟು ಹೊತ್ತಿಗೆ ಕಡಿಮೆ ಆಯಿತು ಅಂತ ಬರೆಯಿರಿ. ಸೋಮವಾರದವರೆಗೆ ಬರೆದರೂ ಸಾಕು, ಡಾಕ್ಟರ್‌ಗೆ ಅಳತೆ ತೀರ್ಮಾನಿಸುವುದಕ್ಕೆ ಅದೇ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡುತ್ತದೆ. ಅಲ್ಲಿಯವರೆಗೆ ಟ್ರಮಡಾಲ್ ಅನ್ನು ನೋವು ಬಂದಾಗ ಮಾತ್ರ ಅಂತ ಕೊಡಬೇಡಿ, ಡಾಕ್ಟರ್ ಬರೆದಿರುವ ಹೊತ್ತಿಗೆ ಸರಿಯಾಗಿ, ರಾತ್ರಿಯದ್ದನ್ನೂ ತಪ್ಪಿಸದೆ ಕೊಡಿ. ಅವರು ಬರೆದಿದ್ದಕ್ಕಿಂತ ಜಾಸ್ತಿ ಮಾತ್ರ ಬೇಡ. ಸಾಲದಿದ್ದರೆ ಸೋಮವಾರದವರೆಗೆ ಕಾಯಬೇಡಿ, ನಾಳೆಯೇ ಹೋಗಿ.